ಹುಳಿ ತೊಳೆಯುವುದೂ ಉಂಟು, ತಿನ್ನುವುದೂ ಉಂಟು

ಪೆರ್ನಾಲ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಹುಣಸೆಹುಳಿಗೆ ಕೆಲಸ ಹೆಚ್ಚು. ಅಟ್ಟದಿಂದ ತಾಮ್ರದ ಚೆಂಬು ಇಳಿಯುತ್ತದೆ, ಹಿತ್ತಾಳೆಯ ತಟ್ಟೆ ಇಳಿಯುತ್ತದೆ, ಎಲ್ಲವೂ ಬಾವಿಕಟ್ಟೆಗೆ ಬರುತ್ತದೆ. ಹುಳಿ, ಉಪ್ಪು, ಒಂದು ಹಿಡಿ ಬೂದಿ. ತಿಕ್ಕಿ ತೊಳೆದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಹುಣಸೆ ಇಲ್ಲದಿದ್ದರೆ ಪುನರ್ಪುಳಿಯ ಸಿಪ್ಪೆಯಾದರೂ ಆದೀತು.

ಎರಡು ವರ್ಷದ ಹಿಂದೆ ಇದೇ ಉತ್ಸಾಹದಲ್ಲಿ ನಮ್ಮ ಮನೆಯವಳು ಶೋಕೇಸಿನಲ್ಲಿದ್ದ ಒಂದು ಕಪ್ಪು ಹೂದಾನಿಯನ್ನೂ ತೊಳೆದಳು. ಅದು ಬೀದರ್ ಕಡೆಯ ನಮ್ಮ ಶಿಷ್ಯನೊಬ್ಬ ಓದು ಮುಗಿಸಿ ಊರಿಗೆ ಹೋದ ಮೇಲೆ ಕಳುಹಿಸಿದ್ದು. ಕರಿಯ ಮೈ, ಅದರ ಮೇಲೆ ಬೆಳ್ಳಿಯ ಬಳ್ಳಿ. ಧೂಳು ಹಿಡಿದಿದೆ ಎಂದು ಅವಳು ಹುಳಿನೀರಿನಲ್ಲಿ ಮುಳುಗಿಸಿಟ್ಟು, ಅಸರ್ ನಮಾಝ್ ಮುಗಿಸಿ ಬಂದು ನೋಡುತ್ತಾಳೆ, ಕಪ್ಪೆಲ್ಲ ಹೋಗಿ ಬೂದಿ ಬಣ್ಣ. ಬೆಳ್ಳಿ ಯಾವುದು, ಮೈ ಯಾವುದು ಎಂದು ತಿಳಿಯುವಂತಿರಲಿಲ್ಲ. ಪಾಪ, ಅವಳ ಕಣ್ಣಲ್ಲಿ ನೀರು.

ಶಿಷ್ಯನಿಗೆ ಫೋನು ಮಾಡಿದೆವು. ಅವನು ಮೊದಲು ಕೇಳಿದ್ದೇ, "ಉಸ್ತಾದ್, ಹುಳಿ ಹಚ್ಚಿದ್ರೇನ್ರಿ?" ಎಂದು. ಹೌದು ಎಂದೆವು. ಅವನು ನಕ್ಕ. "ಫಿಕರ್ ಮಾಡಬ್ಯಾಡ್ರಿ. ತಂಗಿ ನಿಕಾಹ್‌ಗೆ ನೀವು ಬರೋರೇ ಅಲಾ? ಬರೋವಾಗ ತಗೊಂಡ್ ಬರ್ರಿ. ಮಾಮು ಸರಿ ಮಾಡಿ ಕೊಡ್ತಾರ."

ಹಾಗೆ ಆ ಹೂದಾನಿಯನ್ನು ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ನಾವು ಹೊರಟದ್ದು ಚಿಂತಾಕಿಗೆ. ಅಲ್ಲಿ ಕಲಿತದ್ದು ಒಂದು ಹೂದಾನಿಯ ಮಾತಾಗಿ ಉಳಿಯಲಿಲ್ಲ. ನಮ್ಮ ಹೆಣ್ಣುಮಕ್ಕಳ ಮೈಮೇಲಿನ ಚಿನ್ನಕ್ಕೂ ಅದು ಸಂಬಂಧಪಟ್ಟದ್ದು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇವೆ.

ಚಿಂತಾಕಿಯಿಂದ ಚೌಬಾರದ ತನಕ

ಚಿಂತಾಕಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಒಂದು ಹೋಬಳಿ ಊರು. ಕರಾವಳಿಯ ನಮಗೆ ಅದು ರಾಜ್ಯದ ಇನ್ನೊಂದು ತುದಿ. ಸುತ್ತ ತೊಗರಿ, ಸೋಯಾ ಹೊಲಗಳು. ಮನೆಯೊಳಗೆ ದಖ್ನಿ ಉರ್ದು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ತೆಲುಗು ಎಲ್ಲ ಕಲಸಿದ ಮಾತು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಅದೇನೂ ಹೊಸತೆನಿಸಲಿಲ್ಲ.

ನಿಕಾಹ್ ಮುಗಿದ ಮರುದಿನ ಶಿಷ್ಯ ನಮ್ಮನ್ನು ಬಸ್ಸಿನಲ್ಲಿ ಬೀದರ್ ಪೇಟೆಗೆ ಕರೆದುಕೊಂಡು ಹೋದ. ಪೇಟೆಯ ನಡುವೆ ಚೌಬಾರ ಎಂಬ ಹಳೆಯ ಕಾವಲು ಗೋಪುರ ಉಂಟು. ಅಲ್ಲಿಂದ ಕೋಟೆಯ ಕಡೆ ನಡೆದರೆ ದಾರಿಯಲ್ಲೇ ಮಹಮೂದ್ ಗವಾನರ ಮದ್ರಸ. 1472ರಲ್ಲಿ ಕಟ್ಟಿದ್ದು. ಬಹಮನಿ ಸುಲ್ತಾನರ ವಝೀರರಾಗಿದ್ದ ಅವರು ಪರ್ಷಿಯಾದಿಂದ ಬಂದವರು. ಮದ್ರಸದಲ್ಲಿ ಪಾಠ ಹೇಳಿ ಜೀವನ ಮಾಡುವ ನಮಗೆ ಆ ಮುರಿದ ಗೋಡೆ, ಉಳಿದ ಒಂದೇ ಮಿನಾರದ ಮುಂದೆ ನಿಂತಾಗ ಮನಸ್ಸು ತುಂಬಿ ಬಂತು. ಕೋಟೆಯ ಗೋಡೆಯನ್ನು ಮುಟ್ಟಿ ನೋಡಿದರೆ ನಮ್ಮ ಊರಿನ ಅದೇ ಮುರಕಲ್ಲು!

ಬೀದ್ರಿ ಕೆಲಸವೂ ಬಹಮನಿ ಕಾಲದ್ದೇ ಎನ್ನುತ್ತಾರೆ. ಇರಾನಿನಿಂದ ಬಂದ ಕುಶಲಕರ್ಮಿಗಳು ಇಲ್ಲಿಯವರಿಗೆ ಕಲಿಸಿದರು, ಇಲ್ಲಿಯವರ ಕೈಯಲ್ಲಿ ಅದು ಬೇರೆಯೇ ರೂಪ ಪಡೆಯಿತು ಎಂಬುದು ಅಲ್ಲಿನ ಜನ ಹೇಳುವ ಚರಿತ್ರೆ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೂ ಬೀದ್ರಿ ಹೋಗಿತ್ತು. 2006ರಲ್ಲಿ ಇದಕ್ಕೆ ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿನ ಹಕ್ಕು ಸಿಕ್ಕಿತು. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಇದೇ ಕೆಲಸಕ್ಕೆ ಪದ್ಮಶ್ರೀ ಬಂತು. ನಮ್ಮ ಸಮುದಾಯದ ಕೈಕೆಲಸದವರೊಬ್ಬರಿಗೆ ಸಂದ ಆ ಗೌರವವನ್ನು ಕೇಳಿ ಆಗ ನಾವೆಲ್ಲ ಸಂತೋಷಪಟ್ಟಿದ್ದೆವು. ಆದರೆ ಆ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಮಾಮು ತೋರಿಸಿದ ಕೆಲಸ

ಶಿಷ್ಯನ ಮಾಮುವಿನ ಕಾರ್ಖಾನೆ ಎಂದರೆ ಓಣಿಯೊಳಗಿನ ಎರಡು ಕೋಣೆ. ನೆಲದ ಮೇಲೆ ಕುಳಿತು ಮೂವರು ಕೆಲಸ ಮಾಡುತ್ತಿದ್ದರು. ಹೂದಾನಿ ನೋಡಿ ಮಾಮು ಬಯ್ಯಲಿಲ್ಲ. "ಇದು ಸತು ಅದರೀ ಉಸ್ತಾದ್. ಸತುಗೂ ಹುಳಿಗೂ ಆಗಿಬರಂಗಿಲ್ಲ" ಎಂದರು ಅಷ್ಟೆ. ಆಮೇಲೆ ಚಹಾ ತರಿಸಿ, ಕೂತಲ್ಲೇ ಎಲ್ಲ ವಿವರಿಸಿದರು.

ಬೀದ್ರಿಯ ಮೈ ಬೆಳ್ಳಿಯದಲ್ಲ, ಕಬ್ಬಿಣದ್ದೂ ಅಲ್ಲ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸುತ್ತಾರೆ. ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಅಚ್ಚು ಮಾಡಿ ಅದರಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಬಂದದ್ದನ್ನು ಅರದಿಂದ ಉಜ್ಜಿ ನಯ ಮಾಡಿದರೆ ಅದು ಬಿಳಿಚಾಗಿ ಹೊಳೆಯುತ್ತದೆ. ಆ ಹೊಳಪಿನ ಮೇಲೆ ಚಿತ್ರ ಕೆತ್ತಿದರೆ ಗೆರೆ ಕಣ್ಣಿಗೆ ಕಾಣದು. ಹಾಗಾಗಿ ಮೈಲುತುತ್ತ ಕರಗಿಸಿದ ನೀರನ್ನು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಉಳಿಯಿಂದ ಬರೆದ ಗೆರೆ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದಂತೆ ಎದ್ದು ಕಾಣುತ್ತದೆ. ನಮ್ಮ ಅಡಿಕೆ ತೋಟಕ್ಕೆ ಸುಣ್ಣದೊಂದಿಗೆ ಬೆರೆಸಿ ಹೊಡೆಯುವ ಮದ್ದು ಉಂಟಲ್ಲ, ಅದೇ ಮೈಲುತುತ್ತ.

ಕೆತ್ತಿದ ಗೆರೆಯೊಳಗೆ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಇದಕ್ಕೆ ತಾರ್‌ಕಶಿ ಎನ್ನುತ್ತಾರೆ. ಬೆಳ್ಳಿಯ ತಗಡು ಕತ್ತರಿಸಿ ಕೂರಿಸಿದರೆ ಅದು ತೆಹ್‌ನಿಶಾನ್. ಮತ್ತೆ ಉಜ್ಜುತ್ತಾರೆ. ಆಗ ಮೈಲುತುತ್ತದ ಕಪ್ಪು ಹೋಗಿ ಎಲ್ಲ ಒಂದೇ ಬಿಳಿ. ಹುಳಿನೀರಿನಿಂದ ಎದ್ದ ನಮ್ಮ ಹೂದಾನಿಯ ಸ್ಥಿತಿಯೂ ಹೆಚ್ಚು ಕಡಿಮೆ ಇದೇ ಆಗಿತ್ತು.

ಕೊನೆಯ ಕೆಲಸವೇ ಅಸಲು. ಕೋಟೆಯೊಳಗೆ ಬಿಸಿಲು ಮಳೆ ತಾಗದ ಜಾಗದ ಹಳೆಯ ಮಣ್ಣು ಬೇಕು. ಅದರಲ್ಲಿ ಪೆಟ್ಲುಪ್ಪಿನ ಅಂಶ ಇದೆ ಎನ್ನುತ್ತಾರೆ. ಆ ಮಣ್ಣಿಗೆ ನವಸಾಗರ ಮತ್ತು ನೀರು ಸೇರಿಸಿ, ಸ್ವಲ್ಪ ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ನೋಡ ನೋಡುತ್ತಾ ಸತುವಿನ ಮೈ ಕಾಡಿಗೆಯ ಹಾಗೆ ಕಪ್ಪಾಯಿತು. ಬೆಳ್ಳಿಗೆ ಮಾತ್ರ ಏನೂ ಆಗಲಿಲ್ಲ! ತೊಳೆದು, ಎಣ್ಣೆ ಸವರಿದಾಗ ಕತ್ತಲಿನಲ್ಲಿ ಬೆಳದಿಂಗಳು ಬಿದ್ದಂತಾಯಿತು. ಸತುವಿನೊಳಗೆ ಸೇರಿಸಿದ ಆ ಒಂದು ಪಾಲು ತಾಮ್ರ ಇಲ್ಲದಿದ್ದರೆ ಈ ಕಪ್ಪು ಬರುವುದಿಲ್ಲವಂತೆ.

ಮಣ್ಣು ಒಳ್ಳೆಯದೋ ಅಲ್ಲವೋ ಎಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದೆವು. ಮಾಮು ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟು ತೋರಿಸಿದರು. ನಾಲಿಗೆಯೇ ಅವರ ಲ್ಯಾಬು.

ಬೆಳ್ಳಿಗೆ ಬೇಕಾದ ಹುಳಿ

ಪಕ್ಕದ ಕೋಣೆಯಲ್ಲಿ ಮಾಮುವಿನ ಮಗ ಕುಳಿತಿದ್ದ, ಇಪ್ಪತ್ತೆರಡರ ಹುಡುಗ. ಅವನದು ಆಭರಣದ ಕೆಲಸ. ಈಗ ಹೂದಾನಿ, ಹುಕ್ಕಾ ಕೊಳ್ಳುವವರು ಕಡಿಮೆ. ಕಿವಿಯೋಲೆ, ಪೆಂಡೆಂಟು, ಉಂಗುರಕ್ಕೆ ಗಿರಾಕಿ ಉಂಟು. ಬೆಳ್ಳಿಯ ಚೌಕಟ್ಟಿನೊಳಗೆ ಬೀದ್ರಿಯ ಚಿಕ್ಕ ಬಿಲ್ಲೆ ಕೂರಿಸುವುದು.

ಅವನ ಮುಂದೆ ಒಂದು ಪಿಂಗಾಣಿ ಬೋಗುಣಿಯಲ್ಲಿ ತಿಳಿನೀಲಿ ನೀರು ಇತ್ತು. ಅದು ಹುಳಿನೀರು. ಗಂಧಕಾಮ್ಲವನ್ನು ಹತ್ತು ಪಾಲು ನೀರಿಗೆ ಒಂದು ಪಾಲಿನಂತೆ ತೆಳು ಮಾಡಿದ್ದು. ಅಲ್ಲಿ ಎಲ್ಲರೂ ತೇಜಾಬು ಎಂದೇ ಕರೆಯುತ್ತಾರೆ.

ಅದರ ಕೆಲಸ ಏನೆಂದರೆ, ಆಭರಣದ ಬೆಳ್ಳಿಯಲ್ಲಿ ಗಟ್ಟಿತನಕ್ಕೆ ಸ್ವಲ್ಪ ತಾಮ್ರ ಸೇರಿಸಿರುತ್ತಾರೆ. ಚಿನ್ನದಲ್ಲೂ ಹಾಗೆಯೇ. 916 ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಮುಂತಾದವು. ಬೆಸುಗೆ ಹಾಕಲು ಬೆಂಕಿಗೆ ಹಿಡಿದಾಗ ಈ ತಾಮ್ರ ಗಾಳಿಯೊಂದಿಗೆ ಸೇರಿ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಬೆಸುಗೆ ಹರಿಯಲು ಹಚ್ಚಿದ ಬಿಳಿಗಾರ ಗಾಜಿನಂತೆ ಅಂಟಿಕೊಳ್ಳುತ್ತದೆ. ಎಷ್ಟು ಉಜ್ಜಿದರೂ ಅದು ಸುಲಭದಲ್ಲಿ ಹೋಗದು. ಬೆಚ್ಚಗಿನ ಹುಳಿನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಪೊರೆ ಕರಗಿ ಶುದ್ಧ ಲೋಹ ಕಾಣುತ್ತದೆ. ನೀರು ನೀಲಿಯಾಗುವುದು ಕರಗಿದ ತಾಮ್ರದಿಂದ. ಒಂದು ಕಾಲಕ್ಕೆ ಇದೇ ಕೆಲಸಕ್ಕೆ ಹುಣಸೆ, ನಿಂಬೆ, ಪಟಿಕ ಬಳಸುತ್ತಿದ್ದರು. ಅದು ನಿಧಾನ, ಆದರೆ ಮನುಷ್ಯನಿಗೆ ಹಗುರ.

ಹುಡುಗ ತಾಮ್ರದ ಇಕ್ಕಳದಿಂದ ಓಲೆಗಳನ್ನು ಎತ್ತುತ್ತಿದ್ದ. ಕಬ್ಬಿಣದ್ದು ಯಾಕೆ ಬೇಡ ಎಂದು ಕೇಳಿದೆವು. ಅವನು ನಾಚಿ ನಕ್ಕ. ಕಲಿಯುವಾಗ ಒಮ್ಮೆ ಕಬ್ಬಿಣದ ಇಕ್ಕಳ ಅದ್ದಿದ್ದನಂತೆ. ಬೋಗುಣಿಯಲ್ಲಿದ್ದ ಬೆಳ್ಳಿ ಉಂಗುರಗಳೆಲ್ಲ ಕೆಂಪಾಗಿ ಎದ್ದು ಬಂದವು. ನೀರಿನಲ್ಲಿದ್ದ ತಾಮ್ರ ಕಬ್ಬಿಣ ಸಿಕ್ಕಿದ ಕೂಡಲೆ ಬೆಳ್ಳಿಯ ಮೇಲೆ ಹೋಗಿ ಕೂರುತ್ತದೆ. "ಅಬ್ಬಾಜಾನ್ ಆ ದಿನ ಊಟ ಕೊಡಲಿಲ್ಲರಿ" ಎಂದ.

ಆಮೇಲೆ ಅವನು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಬೀದ್ರಿ ಬಿಲ್ಲೆಯನ್ನು ಕೊನೆಗೆ ಕೂರಿಸಬೇಕು. ಮೊದಲು ಬೆಳ್ಳಿ ಚೌಕಟ್ಟಿನ ಬೆಸುಗೆ ಎಲ್ಲ ಮುಗಿಯಬೇಕು, ಹುಳಿಗೆ ಹಾಕಬೇಕು, ಸೋಡಾ ನೀರಿನಲ್ಲಿ ಅದ್ದಿ ಹುಳಿಯ ಅಂಶ ಕಳೆಯಬೇಕು, ಚೆನ್ನಾಗಿ ತೊಳೆದು ಒಣಗಿಸಬೇಕು. ಆಮೇಲೆ ಮಾತ್ರ ಬಿಲ್ಲೆ. ಯಾಕೆಂದರೆ ಸತು ಸುಮಾರು 420 ಡಿಗ್ರಿಯಲ್ಲೇ ಕರಗುತ್ತದೆ. ಬೆಳ್ಳಿಯ ಬೆಸುಗೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಬೇಕು. ಬೆಂಕಿಯಲ್ಲಿ ಉಳಿದರೂ ಹುಳಿಯಲ್ಲಿ ಉಳಿಯದು. ಬೆಳ್ಳಿಯ ಕೊಳೆಯನ್ನಷ್ಟೇ ತೆಗೆಯುವ ಅದೇ ನೀರು ಸತುವಿನ ಮೈಯನ್ನೇ ನೊರೆ ನೊರೆಯಾಗಿ ತಿನ್ನುತ್ತದೆ.

ಒಂದೇ ಹುಳಿ. ಒಂದು ಲೋಹಕ್ಕೆ ಅದು ಗುಸ್ಲು, ಇನ್ನೊಂದಕ್ಕೆ ಮರಣ.

ಕುರ್‌ಆನಿನ ಅರ್‌ರಅದ್ ಅಧ್ಯಾಯದಲ್ಲಿ ಇದೇ ತರದ ಒಂದು ದೃಷ್ಟಾಂತ ಉಂಟು. ಆಭರಣಕ್ಕಾಗಿ ಲೋಹವನ್ನು ಕಾಯಿಸುವಾಗ ಮೇಲೇಳುವ ನೊರೆಯನ್ನು ಅಲ್ಲಾಹನು ಅಸತ್ಯಕ್ಕೆ ಹೋಲಿಸಿದ್ದಾನೆ. ನೊರೆ ಹೋಗುತ್ತದೆ, ಜನರಿಗೆ ಉಪಕಾರವಾಗುವುದು ಉಳಿಯುತ್ತದೆ ಎಂಬುದು ಅದರ ಸಾರ. ಎಷ್ಟೋ ವರ್ಷದಿಂದ ಮಕ್ಕಳಿಗೆ ಇದನ್ನು ಕಲಿಸುತ್ತಾ ಬಂದಿದ್ದೆವು. ಕಣ್ಣಾರೆ ಕಂಡದ್ದು ಅಂದೇ.

ಉಮ್ಮನ ಬಳೆ

ಅಲ್ಲಿ ಕುಳಿತಿದ್ದಾಗ ನಮಗೆ ನೆನಪಾದದ್ದು ಉಮ್ಮನ ಬಳೆ. ನಾವು ಚಿಕ್ಕವರಿದ್ದಾಗ ಒಬ್ಬ ಮನೆ ಬಾಗಿಲಿಗೆ ಬಂದ. ಚಿನ್ನಕ್ಕೆ ಪಾಲಿಶ್ ಹಾಕಿ ಕೊಡುತ್ತೇನೆ, ಹತ್ತೇ ರೂಪಾಯಿ ಎಂದ. ಮನೆಯಲ್ಲಿ ಗಂಡಸರಿರಲಿಲ್ಲ. ಉಮ್ಮ ನಾಲ್ಕು ಬಳೆ ಕೊಟ್ಟರು. ಅವನು ಅವರ ಎದುರಿನಲ್ಲೇ ಒಂದು ಗಾಜಿನ ಪಾತ್ರೆಯ ನೀರಿನಲ್ಲಿ ಅದ್ದಿದ, ಉಜ್ಜಿದ, ಅರಿಶಿನ ಹಚ್ಚಿ ಕಾಗದದಲ್ಲಿ ಕಟ್ಟಿ ಕೊಟ್ಟ. ಬಳೆ ಫಳಫಳ ಹೊಳೆಯಿತು. ಉಮ್ಮನಿಗೆ ಸಂತೋಷ. ಪಾತ್ರೆಯ ನೀರನ್ನು ಅವನು ಚೆಲ್ಲದೆ ಬಾಟಲಿಗೆ ತುಂಬಿಸಿಕೊಂಡು ಹೋದ. ಆಗ ಯಾರಿಗೂ ಅದರ ಅರ್ಥ ಆಗಲಿಲ್ಲ. ತಿಂಗಳ ನಂತರ ಅಕ್ಕನ ಮದುವೆಗೆಂದು ಬಳೆ ಮಾರಲು ಹೋದಾಗ ತಕ್ಕಡಿ ಹೇಳಿತು, ಅರ್ಧ ಪವನಿಗಿಂತ ಹೆಚ್ಚು ಕಡಿಮೆ.

ಮಾಮುವಿನ ಮಗನಿಗೆ ಇದನ್ನು ಹೇಳಿದೆವು. ಅವನು ತಲೆ ಆಡಿಸಿದ. ಬೆಸುಗೆಯ ಕಪ್ಪು ತೆಗೆಯುವ ತೆಳು ಹುಳಿ ಚಿನ್ನವನ್ನು ಮುಟ್ಟದು. ನೈಟ್ರಿಕ್ ಆಸಿಡ್ ಒಂದೇ ಆದರೆ ಬೆಳ್ಳಿಯನ್ನೂ ತಾಮ್ರವನ್ನೂ ಕರಗಿಸುತ್ತದೆ, ಚಿನ್ನವನ್ನು ಬಿಡುತ್ತದೆ. ಅದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಕೂಡಿಸಿದರೆ ಮಾತ್ರ ಚಿನ್ನವೂ ಕರಗಿ ನೀರಿನಲ್ಲಿ ಸೇರುತ್ತದೆ. ಆ ನೀರಿನಿಂದ ಚಿನ್ನವನ್ನು ಮತ್ತೆ ಹೊರತೆಗೆಯುವುದು ಬಲ್ಲವರಿಗೆ ಕಷ್ಟವಲ್ಲ. ಬಾಟಲಿಗೆ ತುಂಬಿಸಿಕೊಂಡದ್ದು ಕೊಳೆನೀರಲ್ಲ, ಉಮ್ಮನ ಅರ್ಧ ಪವನು.

ಇಂಥವರು ಈಗಲೂ ಬರುತ್ತಾರೆ. ಮನೆಯಲ್ಲಿ ವಯಸ್ಸಾದ ಹೆಂಗಸರು ಮಾತ್ರ ಇರುವ ಹೊತ್ತು ನೋಡಿ ಬರುತ್ತಾರೆ. ಗಂಡಂದಿರು ಗಲ್ಫಿನಲ್ಲಿರುವ ಮನೆಗಳು ನಮ್ಮಲ್ಲಿ ಕಡಿಮೆಯೇ? ಮಹಲ್ಲಿನಲ್ಲಿ ಒಬ್ಬರು ಮೋಸ ಹೋದರೆ ನಾಚಿಕೆಯಿಂದ ಇನ್ನೊಬ್ಬರಿಗೆ ಹೇಳುವುದಿಲ್ಲ, ಹಾಗಾಗಿ ಪಕ್ಕದ ಮನೆಯವರೂ ಮೋಸ ಹೋಗುತ್ತಾರೆ. ನಮ್ಮ ಉಮ್ಮ ಸಾಯುವ ತನಕ ಈ ವಿಷಯವನ್ನು ನೆರೆಯವರಿಗೆ ಹೇಳಲಿಲ್ಲ. ಇಂದು ಅವರ ಪರವಾಗಿ ನಾವು ಹೇಳುತ್ತಿದ್ದೇವೆ. ಮನೆ ಬಾಗಿಲಿಗೆ ಬಂದವನ ಕೈಗೆ ಚಿನ್ನ ಕೊಡಬೇಡಿ.

ಪಾಲಿಶ್ ಮಾಡಿಸಲೇಬೇಕಿದ್ದರೆ ಪರಿಚಯದ ಅಂಗಡಿಗೆ ಹೋಗಿ, ಮೊದಲು ತೂಕ ಮಾಡಿಸಿ ಚೀಟಿಯಲ್ಲಿ ಬರೆಸಿ, ನಂತರ ಮತ್ತೆ ತೂಗಿಸಿ. ಉಜ್ಜುವ ಯಂತ್ರದಲ್ಲಿ ಕೂದಲಿನಷ್ಟು ಸವೆಯುವುದು ಸಹಜ. ಅದಕ್ಕಿಂತ ಹೆಚ್ಚು ಕಡಿಮೆಯಾದರೆ ಕೇಳಿ. ಹೊಸ ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ. 2021ರ ಜೂನ್‌ನಿಂದ ದೇಶದ ಹಲವು ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಆರು ಅಕ್ಷರ ಅಂಕೆಗಳ ಎಚ್‌ಯುಐಡಿ ಗುರುತಿದ್ದರೇ ಹಾಲ್‌ಮಾರ್ಕ್ ಆಭರಣ ಮಾರಬಹುದು ಎಂದಾಯಿತು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಗುರುತನ್ನು ಹಾಕಿದರೆ ಒಡವೆಯ ವಿವರ ಸಿಗುತ್ತದೆ. ನಮ್ಮ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಏನೇನೋ ನೋಡುತ್ತಾರೆ, ಇದನ್ನೂ ನೋಡಲಿ.

ಕೆಮ್ಮು

ಮಾತಿನ ನಡುವೆ ಮಾಮು ಕೆಮ್ಮುತ್ತಲೇ ಇದ್ದರು. ಆ ಕೋಣೆಗೆ ಇದ್ದದ್ದು ಒಂದೇ ಸಣ್ಣ ಕಿಟಕಿ. ಎರಕ ಹೊಯ್ಯುವ ಹೊಗೆ, ಅರದ ಪುಡಿ, ನವಸಾಗರದ ವಾಸನೆ, ಪಕ್ಕದ ಕೋಣೆಯ ಹುಳಿಯ ಆವಿ, ಎಲ್ಲಕ್ಕೂ ಅದೇ ಕಿಟಕಿ. ನೈಟ್ರಿಕ್ ಆಸಿಡ್ ಲೋಹದ ಮೇಲೆ ಬಿದ್ದಾಗ ಏಳುವ ಕಂದು ಹೊಗೆ ಇನ್ನೂ ಕೆಟ್ಟದ್ದು. ಆಗ ಏನೂ ಆಗಿಲ್ಲವೆಂದು ತೋರುತ್ತದೆ, ಕೆಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುವುದುಂಟು. ಕೆಡಿಎಂ ಎಂಬ ಹೆಸರು ನಮಗೆಲ್ಲ ಗೊತ್ತು. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಕೊಂಡವರಿಗೆ ಅದು ಶುದ್ಧ ಚಿನ್ನದ ಗುರುತಾಗಿತ್ತು. ಬೆಸುಗೆ ಹಾಕಿದವನಿಗೆ ಅದರ ಹೊಗೆ ವಿಷವಾಗಿತ್ತು.

ಮಾಮುವಿನ ಮಗ ಕೈಗೆ ಗವಸು ಹಾಕಿರಲಿಲ್ಲ. ಬೆರಳ ತುದಿ ಹಳದಿಯಾಗಿ ಬಿರುಕು ಬಿಟ್ಟಿತ್ತು. ಗವಸು ಹಾಕಿದರೆ ಸಣ್ಣ ಕೆಲಸ ಕೈಗೆ ಸಿಗುವುದಿಲ್ಲ ಎಂದ. ಆದರೂ ಅವನು ಒಂದು ವಿಷಯದಲ್ಲಿ ಜಾಗ್ರತೆ. ಆಸಿಡ್ಡನ್ನು ನೀರಿಗೆ ಹಾಕುತ್ತಾನೆ, ನೀರನ್ನು ಆಸಿಡ್ಡಿಗೆ ಎಂದೂ ಹಾಕುವುದಿಲ್ಲ. ಹಾಕಿದರೆ ಅದು ಕುದಿದು ಮುಖಕ್ಕೆ ಹಾರುತ್ತದೆ. ಈಗ ಗಂಧಕಾಮ್ಲದ ಬದಲು ಪುಡಿಯ ರೂಪದಲ್ಲಿ ಸಿಗುವ ಸೋಡಿಯಂ ಬೈಸಲ್ಫೇಟ್, ಸಿಟ್ರಿಕ್ ಆಸಿಡ್ ಬಳಸುವವರಿದ್ದಾರೆ. ಸಿಟ್ರಿಕ್ ಎಂದರೆ ನಿಂಬೆಯ ಹುಳಿಯೇ. ಸ್ವಲ್ಪ ಹೆಚ್ಚು ಹೊತ್ತು ಬೇಕು, ಬೆಚ್ಚಗಿರಬೇಕು, ಅಷ್ಟೆ. "ಅದನ್ನಾದರೂ ತಂದುಕೋ ಮಗನೇ" ಎಂದೆವು. "ಆರ್ಡರ್ ಕೊಡೋರು ಸಂಜೀಕೇ ಬೇಕಂತಾರ ಉಸ್ತಾದ್" ಎಂದ.

ಅದರ ಮೇಲೆ ನಮ್ಮಲ್ಲಿ ಮಾತಿರಲಿಲ್ಲ. ಅವಸರ ಮಾಡುವ ಗಿರಾಕಿಗಳಲ್ಲಿ ನಾವೂ ಇದ್ದೇವೆ. ಮದುವೆಗೆ ಎರಡು ದಿನ ಇರುವಾಗ ಅಕ್ಕಸಾಲಿಗರ ತಲೆ ಮೇಲೆ ಕೂರುತ್ತೇವೆ. ಕೂಲಿಯಲ್ಲಿ ಚೌಕಾಸಿ ಮಾಡುತ್ತೇವೆ. ಕೆಲಸಗಾರನ ಮಜೂರಿಯನ್ನು ತಡಮಾಡದೆ ಕೊಡಬೇಕೆಂದು ಮಕ್ಕಳಿಗೆ ಹದೀಸ್ ಕಲಿಸುತ್ತೇವೆ. ದಾವೂದ್ ನಬಿ (ಅ.ಸ.) ರಾಜರಾಗಿದ್ದರೂ ತನ್ನ ಕೈಯ ದುಡಿಮೆಯಿಂದ ಉಂಡವರು, ಅವರಿಗೆ ಅಲ್ಲಾಹನು ಕಬ್ಬಿಣವನ್ನು ಮೃದು ಮಾಡಿಕೊಟ್ಟಿದ್ದ ಎಂದು ವಅಳ್ ಹೇಳುತ್ತೇವೆ. ಲೋಹದ ಕೆಲಸದವನ ಕೋಣೆಗೆ ಇನ್ನೊಂದು ಕಿಟಕಿ ಬೇಕು ಎಂದು ಮಾತ್ರ ನಮಗೆ ತೋಚುವುದಿಲ್ಲ.

ಹುಡುಗ ಬರುವ ವರ್ಷ ಹೈದರಾಬಾದಿಗೆ ಹೋಗಿ ಮೊಬೈಲ್ ಅಂಗಡಿ ಸೇರುವ ಯೋಚನೆಯಲ್ಲಿದ್ದಾನೆ. ಮಾಮು ಬೇಡ ಎನ್ನಲಿಲ್ಲ. "ನನ್ನ ಕೆಮ್ಮು ಅವನಿಗೆ ಬರೋದು ಬ್ಯಾಡ್ರಿ" ಎಂದರು.

ಮನೆಯವರಿಗೆ ನಾಲ್ಕು ಮಾತು

ಮಾಮು ಮತ್ತು ಅವರ ಮಗನಿಂದ ಕೇಳಿದ್ದನ್ನೂ ನಾವು ತಿಳಿದದ್ದನ್ನೂ ಸೇರಿಸಿ ಮನೆ ಬಳಕೆಗೆ ಇಷ್ಟು ಹೇಳಬಹುದು.

ತಾಮ್ರ, ಹಿತ್ತಾಳೆಗೆ ಹುಣಸೆ, ನಿಂಬೆ, ಪುನರ್ಪುಳಿ ಒಳ್ಳೆಯದೇ. ತಿಕ್ಕಿದ ಮೇಲೆ ಹುಳಿ ಉಳಿಯದಂತೆ ತೊಳೆದು ಕೂಡಲೆ ಒರೆಸಬೇಕು. ಇಲ್ಲದಿದ್ದರೆ ಹಸಿರು ಕಿಲುಬು ಕಟ್ಟುತ್ತದೆ.

ಪೆಟ್ಟಿಗೆಯಲ್ಲಿಟ್ಟ ಬೆಳ್ಳಿಯ ಗೆಜ್ಜೆ, ಸೊಂಟದ ಪಟ್ಟಿ ಕಪ್ಪಾಗುವುದು ಬೇರೆ ಕಾರಣಕ್ಕೆ. ಅದು ಬೆಂಕಿಯ ಕಪ್ಪಲ್ಲ, ಗಾಳಿಯಲ್ಲಿರುವ ಗಂಧಕದ ಕಪ್ಪು. ಹುಳಿಗೆ ಅದು ಸುಲಭದಲ್ಲಿ ಬಗ್ಗುವುದಿಲ್ಲ. ಪಾತ್ರೆಯ ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ, ಬಿಸಿನೀರು, ಒಂದು ಚಮಚ ಅಡುಗೆ ಸೋಡಾ, ಸ್ವಲ್ಪ ಉಪ್ಪು ಹಾಕಿ, ಬೆಳ್ಳಿ ಹಾಳೆಗೆ ತಾಗುವಂತೆ ಕೆಲವು ನಿಮಿಷ ಇಟ್ಟರೆ ಕಪ್ಪು ಬಿಡುತ್ತದೆ. ಇದರಲ್ಲಿ ಬೆಳ್ಳಿ ನಷ್ಟವಾಗುವುದಿಲ್ಲ. ಗಂಧಕ ಅಲ್ಯುಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿ ಉಳಿಯುತ್ತದೆ. ಕಲ್ಲು ಮುತ್ತು ಕೂರಿಸಿದ ಒಡವೆಗೆ ಮಾತ್ರ ಇದು ಬೇಡ.

ಚಿನ್ನಕ್ಕೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತಗಿನ ಬ್ರಶ್ಶು ಸಾಕು. ನಮ್ಮ ಹಿರಿಯರು ಅಲಿಕತ್ತನ್ನು ಅಂಟುವಾಳದ ನೀರಿನಲ್ಲಿ ತೊಳೆಯುತ್ತಿದ್ದರು. ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮುತ್ತು, ಹವಳ ಇರುವ ಸರವನ್ನು ಯಾವ ಹುಳಿಗೂ ಹಾಕಬೇಡಿ. ಎರಡೂ ಸುಣ್ಣದ ಜಾತಿ, ಹುಳಿ ತಾಗಿದರೆ ಕರಗುತ್ತವೆ.

ಬೀದ್ರಿಗೆ ಹುಳಿಯೂ ಬೇಡ, ಪಾತ್ರೆ ತೊಳೆಯುವ ಪುಡಿಯೂ ಬೇಡ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಒಂದೆರಡು ಹನಿ ತೆಂಗಿನೆಣ್ಣೆ ಸವರಿದರೆ ಕಪ್ಪು ನಿಲ್ಲುತ್ತದೆ.

ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಒಡವೆಗೆ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಅದನ್ನು ಬ್ಲೀಚಿಂಗ್ ಪುಡಿಯೊಂದಿಗೆ ಸೇರಿಸಿದರೆ ಏಳುವ ವಿಷಗಾಳಿ ಮಕ್ಕಳಿರುವ ಮನೆಯಲ್ಲಿ ಜೀವಕ್ಕೇ ಕುತ್ತು. ಆಸಿಡ್ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟು ಕಟ್ಟುನಿಟ್ಟು ಮಾಡಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಪ್ರಶ್ನೆಯನ್ನು ನಮ್ಮಲ್ಲಿ ಹಲವರು ಕೇಳುತ್ತಾರೆ. ಬೆಳ್ಳಿ ಕೂರಿಸಿದ ಪಾತ್ರೆ ಬಳಸಬಹುದಾ ಉಸ್ತಾದ್ ಎಂದು. ಚಿನ್ನ ಬೆಳ್ಳಿಯ ಪಾತ್ರೆಯಲ್ಲಿ ಉಣ್ಣುವುದನ್ನು, ಕುಡಿಯುವುದನ್ನು ಪ್ರವಾದಿ (ಸ.ಅ.) ಅವರು ಗಂಡಸರಿಗೂ ಹೆಂಗಸರಿಗೂ ನಿಷೇಧಿಸಿದ್ದಾರೆ. ಒಡೆದ ಬಟ್ಟಲನ್ನು ಬೆಳ್ಳಿಯಿಂದ ಜೋಡಿಸಿದ್ದಕ್ಕೆ ಹದೀಸಿನಲ್ಲಿ ಆಧಾರ ಉಂಟು. ಆದರೆ ಬರೀ ಅಲಂಕಾರಕ್ಕಾಗಿ ದೊಡ್ಡದಾಗಿ ಬೆಳ್ಳಿ ಕೂರಿಸಿದ್ದು ನಮ್ಮ ಶಾಫಿಈ ಮದ್ಹಬ್‌ನಲ್ಲಿ ಸಲ್ಲ. ಆದ್ದರಿಂದ ಬೀದ್ರಿ ಲೋಟದಲ್ಲಿ ನೀರು ಕುಡಿಯುವ ಆಸೆ ಬೇಡ. ಹೆಂಗಸರ ಆಭರಣಕ್ಕೆ, ಗಂಡಸರ ಬೆಳ್ಳಿ ಉಂಗುರಕ್ಕೆ ಅಡ್ಡಿ ಇಲ್ಲ. ಶೋಕೇಸಿನ ವಸ್ತುವಿನ ಬಗ್ಗೆ ನಿಮ್ಮ ಖತೀಬರನ್ನೋ ಖಾಝಿಯವರನ್ನೋ ಕೇಳಿ ತೀರ್ಮಾನಿಸಿ. ನಾವೂ ಕೇಳಿಯೇ ಆ ಹೂದಾನಿಯನ್ನು ಶಿಷ್ಯನ ಮನೆಯವರಿಗೇ ಬಿಟ್ಟು ಬಂದೆವು.

ತೂಕ

ಹೊರಡುವಾಗ ಮನೆಯವಳಿಗೆಂದು ಒಂದು ಜೊತೆ ಕಿವಿಯೋಲೆ ಕೊಂಡೆವು. ಹುಡುಗ ಹೇಳಿದ ಬೆಲೆಯನ್ನು ಕೊಟ್ಟೆವು, ಚೌಕಾಸಿ ಮಾಡಲಿಲ್ಲ. ಅವನು ಓಲೆಯನ್ನು ಹುಳಿನೀರಿನಿಂದ ತೆಗೆದು, ಸೋಡಾ ನೀರಿನಲ್ಲಿ ಅದ್ದಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ಕಪ್ಪು ಬಿಲ್ಲೆ ಕೂರಿಸಿದ. ಆಮೇಲೆ ಕೇಳದೆಯೇ ತಕ್ಕಡಿಯಲ್ಲಿಟ್ಟು ಬೆಳ್ಳಿಯ ತೂಕ ಎಷ್ಟು, ಬಿಲ್ಲೆಯದ್ದು ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಟ್ಟ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಅಮಾನತ್ ಎಂದರೆ ಏನೆಂದು ಯಾರೂ ಉಪದೇಶ ಮಾಡಬೇಕಾಗಿರಲಿಲ್ಲ. ಉಮ್ಮನ ಬಾಗಿಲಿಗೆ ಬಂದವನ ಕೈಯಲ್ಲೂ ಇದ್ದದ್ದು ಹುಳಿಯೇ, ಇವನ ಕೈಯಲ್ಲಿ ಇದ್ದದ್ದೂ ಹುಳಿಯೇ.

ಓಲೆ ಮನೆಗೆ ಬಂದು ವರ್ಷ ಕಳೆಯಿತು. ಮನೆಯವಳು ಅದನ್ನು ಹುಳಿಯ ಹತ್ತಿರ ಬಿಡುವುದಿಲ್ಲ. ಹುಡುಗ ಹೈದರಾಬಾದಿಗೆ ಇನ್ನೂ ಹೋಗಿಲ್ಲ ಎಂದು ಶಿಷ್ಯ ಮೊನ್ನೆ ಫೋನಿನಲ್ಲಿ ಹೇಳಿದ. ಮಾಮುವಿನ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನು ಹಾಕಿಸಲು ನಮ್ಮ ಮದ್ರಸದ ಹಳೆ ವಿದ್ಯಾರ್ಥಿಗಳು ಕೂಡಿ ಸ್ವಲ್ಪ ಹಣ ಕಳುಹಿಸಿದ್ದಾರೆ. ನಿಮ್ಮ ಊರಿನ ಅಕ್ಕಸಾಲಿಗರ, ಬೆಸುಗೆಯವರ ಕೋಣೆಗೂ ಒಮ್ಮೆ ಹೋಗಿ ನೋಡಿ. ಕಿಟಕಿ ಉಂಟಾ ಎಂದು ಕೇಳಿ. ಅಲ್ಲಾಹನು ಕೈಕೆಲಸದವರೆಲ್ಲರ ರಿಝ್ಕಿನಲ್ಲೂ ಉಸಿರಿನಲ್ಲೂ ಬರ್ಕತ್ ಕೊಡಲಿ. ಆಮೀನ್.